ಮನೆ ಸಿಕ್ಕಿತು, ಓಣಿ ಎಲ್ಲಿ?

ಲಾಭರಹಿತ ಸಂಸ್ಥೆ ಎಂದರೆ ನಮಗೆ ನೆನಪಾಗುವುದು ಲೆಕ್ಕಶಾಸ್ತ್ರದ ಲೆಕ್ಕಗಳು: ಕ್ರೀಡಾ ಕ್ಲಬ್ಬು, ಗ್ರಂಥಾಲಯ, ಸದಸ್ಯರ ಚಂದಾ. ಖರ್ಚು ಕಳೆದು ಉಳಿದದ್ದನ್ನು ಅಲ್ಲಿ ಲಾಭ ಎನ್ನುವುದಿಲ್ಲ, ಮಿಗತೆ ಎನ್ನುತ್ತೇವೆ. ಇಂಥ ಸಂಸ್ಥೆ ಮನೆ ಕಟ್ಟಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ನಾನಿಯ ಊರಿನಲ್ಲಿ. ನಾನಿ ಎಂದರೆ ನನ್ನ ತಾಯಿಯ ತಾಯಿ.

ಊರು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ದಂಡೆಗೆ ಇದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ಮಳೆ ಅಕ್ಟೋಬರ್ ಮೊದಲ ವಾರದವರೆಗೂ ಉತ್ತರ ಕರ್ನಾಟಕವನ್ನು ಮುಳುಗಿಸಿತು. ಅಫಜಲಪುರ, ಜೇವರ್ಗಿ ಕಡೆ ಹೊಳೆ ಊರೊಳಗೆ ಬಂತು. ಮಣ್ಣಿನ ಗೋಡೆಗಳು ಕುಸಿದವು. ನಾನಾಗ ತೊಟ್ಟಿಲ ಮಗು. ಆಮೇಲೆ ರಾಜ್ಯದ ಹಲವು ಕಡೆ ಸರ್ಕಾರ ಎತ್ತರದಲ್ಲಿ ಜಾಗ ಕೊಟ್ಟಿತು, ದಾನಿ ಸಂಸ್ಥೆಗಳು ಮನೆ ಕಟ್ಟಿಕೊಟ್ಟವು. ನಾನಾ ಅವರಿಗೂ ಒಂದು ಮನೆ ಬಂತು. ಗಟ್ಟಿ ಮನೆ, ಹೊಳೆ ಅಲ್ಲಿಗೆ ಏರುವುದಿಲ್ಲ. ಆದರೂ ಅದರ ಬಾಗಿಲಿಗೆ ವರ್ಷದ ಬಹಳ ದಿನ ಬೀಗವೇ ಇರುತ್ತದೆ. ಹೊಲ ಕೆಳಗೆ, ಎಮ್ಮೆ ಕಟ್ಟಲು ಜಾಗವೂ ಕೆಳಗೆ. ಚೀಟಿ ಎತ್ತಿ ಮನೆ ಹಂಚಿದ್ದರಿಂದ ಹಳೆಯ ನೆರೆಯವರು ಒಬ್ಬೊಬ್ಬರು ಒಂದೊಂದು ಸಾಲಿಗೆ ಹೋದರು. ನಾನಿಯ ಹಳೆಯ ಗೆಳತಿಯೊಬ್ಬರು, ನಾನು ಕಾಕಿ ಎಂದು ಕರೆಯುವವರು, ಒಂದೇ ಮಾತಿನಲ್ಲಿ ಹೇಳಿದರು: "ಮನಿ ಕೊಟ್ಟಾರಪ್ಪ, ಓಣಿ ಕೊಟ್ಟಿಲ್ಲ."

ಕಾಕಿಯ ಮಾತನ್ನು ಹಿಡಿದುಕೊಂಡೇ ನಾನು ಓದತೊಡಗಿದೆ.

ಮನೆ ದುಬಾರಿಯಾಗುವುದು ಜಾಗ, ಸಾಮಾನು, ಕೂಲಿ, ಬಡ್ಡಿ ಈ ನಾಲ್ಕರಿಂದ. ಸಾಮಾನಿನ ವಿಷಯದಲ್ಲಿ ನಾವು ಅದೃಷ್ಟವಂತರು, ಶಹಾಬಾದ್ ಕಲ್ಲು ಹತ್ತಿರದಲ್ಲೇ ಸಿಗುತ್ತದೆ. (ಆದರೆ ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕಲ್ಲಿನಲ್ಲಿ ಉಳಿಸಿದ ದುಡ್ಡನ್ನು ಬುನಾದಿ ನುಂಗುತ್ತದೆ.) ಕಣ್ಣಿಗೆ ಕಾಣದೆ ಏರುವುದು ಬಡ್ಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಹಳ್ಳಿ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನವಿದೆ. ಉಳಿದದ್ದಕ್ಕೆ 2 ಲಕ್ಷ ಸಾಲ ಮಾಡಿದರೆಂದುಕೊಳ್ಳಿ. ಶೇ. 9 ಬಡ್ಡಿ, 15 ವರ್ಷ: ತಿಂಗಳ ಕಂತು ಸುಮಾರು 2,030 ರೂಪಾಯಿ. ಕಂತು ಮುಗಿಯುವ ಹೊತ್ತಿಗೆ ಕಟ್ಟಿದ್ದು ಸುಮಾರು 3.65 ಲಕ್ಷ. ಬಡ್ಡಿ ಇಲ್ಲದಿದ್ದರೆ ಕಂತು 1,111 ರೂಪಾಯಿ ಮಾತ್ರ. ಕೂಲಿ ಮಾಡುವವರಿಗೆ ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಮನೆ ಕಟ್ಟುವುದೋ ಬೇಡವೋ ಎಂಬ ಪ್ರಶ್ನೆ.

1976ರಲ್ಲಿ ಅಮೆರಿಕದಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಎಂಬ ಸಂಸ್ಥೆ ಇಲ್ಲಿಗೇ ಕೈ ಹಾಕಿತು. ಮಾರಾಟದಲ್ಲಿ ಲಾಭವಿಲ್ಲ, ಸಾಲದಲ್ಲಿ ಬಡ್ಡಿಯಿಲ್ಲ. ಆದರೆ ಪುಕ್ಕಟೆಯೂ ಅಲ್ಲ. ಮನೆ ಪಡೆಯುವವರು ತಾವೂ ಕಲ್ಲು ಮಣ್ಣು ಹೊರಬೇಕು, ಕಂತು ಕಟ್ಟಬೇಕು. ಆ ಕಂತಿನ ದುಡ್ಡು ಮುಂದಿನವರ ಮನೆಗೆ ಹೋಗುತ್ತದೆ. ಭಾರತದಲ್ಲಿ ಅದರ ಕೆಲಸ 1983ರಲ್ಲಿ ಶುರುವಾದದ್ದು ಈಗ ತೆಲಂಗಾಣದಲ್ಲಿರುವ ಖಮ್ಮಂನಲ್ಲಿ. ದಾನಕ್ಕಿಂತ ಈ ವಿಧಾನ ನನಗೆ ಇಷ್ಟವಾಯಿತು. ಒಂದೇ ದುಡ್ಡು ಮತ್ತೆ ಮತ್ತೆ ಮನೆಯಾಗುತ್ತದೆ.

ಓಣಿಯ ಪ್ರಶ್ನೆಗೆ ಉತ್ತರ ಇನ್ನೂ ಹತ್ತಿರದಲ್ಲಿ ಸಿಕ್ಕಿತು. ಆಳಂದದಿಂದ ಗಡಿ ದಾಟಿ, ಉಮರ್ಗಾ ದಾಟಿ ಹೋದರೆ ಕಿಲ್ಲಾರಿ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಆ ಭಾಗದಲ್ಲಿ ಸಾವಿರಾರು ಜನ ಕಲ್ಲು ಮಣ್ಣಿನ ಗೋಡೆಗಳಡಿ ಸತ್ತರು. ಆಗಲೂ ದಾನಿಗಳು ಊರುಗಳನ್ನು ದತ್ತು ಪಡೆದರು. ಬಾಣೇಗಾಂವ್ ಎಂಬ ಹಳ್ಳಿಯನ್ನು ಕೇರಳದ ಮಲಯಾಳ ಮನೋರಮಾ ಪತ್ರಿಕೆ ಕಟ್ಟಿಸಿತು, ನಕ್ಷೆ ಲಾರಿ ಬೇಕರ್ ಅವರದು. ಅವರು ಮನೆಗಳನ್ನು ಪಟ್ಟಣದ ಬಡಾವಣೆಯಂತೆ ಉದ್ದ ಸಾಲಿನಲ್ಲಿ ನಿಲ್ಲಿಸದೆ, ನಡುವೆ ಅಂಗಳ ಬಿಟ್ಟು ಗುಂಪು ಗುಂಪಾಗಿ ಇಟ್ಟರು. ಕಾಕಿ ಕೇಳಿದ್ದೂ ಅಷ್ಟೇ ಅಲ್ಲವೇ? ಅದಕ್ಕೆ ಸಿಮೆಂಟು ಹೆಚ್ಚು ಬೇಕಿಲ್ಲ. ಚೀಟಿ ಎತ್ತುವ ಮೊದಲು ಯಾರ ಪಕ್ಕ ಯಾರಿರಬೇಕು ಎಂದು ಊರವರನ್ನು ಕೇಳಿದರೆ ಸಾಕು.

ಇನ್ನೊಂದು ವಿಷಯ ಕಾಗದ. 2023ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ಹಂಚಿದರು. ಎಷ್ಟೋ ವರ್ಷ ವಾಸವಿದ್ದರೂ ಕೈಯಲ್ಲಿ ಪತ್ರವಿಲ್ಲದಿದ್ದರೆ ಬ್ಯಾಂಕು ಆ ಮನೆಯನ್ನು ಮನೆ ಎನ್ನುವುದಿಲ್ಲ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು 1984ರಿಂದ ಕೊಟ್ಟ ಮನೆ ಸಾಲಕ್ಕೆ ಒಂದು ಷರತ್ತು ಇತ್ತು: ಸಾಲ ಪಡೆಯುವ ಹೆಂಗಸಿನ ಹೆಸರಲ್ಲೇ ಜಾಗ ಇರಬೇಕು. ಗಂಡ ಬಿಟ್ಟರೂ ಸೂರು ಬಿಡುವುದಿಲ್ಲ. 1989ರಲ್ಲಿ ಈ ಯೋಜನೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

ಇದನ್ನು ಓದಿದ ದಿನ ನಾನು ಮಾಮುಗೆ ಫೋನ್ ಮಾಡಿ ಹಕ್ಕುಪತ್ರ ಯಾರ ಹೆಸರಲ್ಲಿದೆ ಎಂದು ಕೇಳಿದೆ. ನಾನಾ ಹೆಸರಲ್ಲೇ ಇದೆ. ಅವರು ತೀರಿಕೊಂಡು ಆರು ವರ್ಷವಾಯಿತು. ವಾರಸಾ ಮಾಡಿಸಲು ಮಾಮುಗಳ ಪೈಕಿ ಯಾರೂ ಹೋಗಿಲ್ಲ. ತಪ್ಪು ನಮ್ಮದೇ. "ಬೇಟಾ, ನೀನು ಕಾಮರ್ಸ್ ಓದ್ತೀಯ, ರಜೆಗೆ ಬಾ, ಅರ್ಜಿ ನೀನೇ ತುಂಬು" ಎಂದರು. ಬರುತ್ತೇನೆ ಎಂದೆ. ಜೊತೆಗೆ ನಾನಿಗೆ ಎಂಟರಲ್ಲಿ ಒಂದು ಪಾಲಿದೆ, ಅಮ್ಮಿಗೂ ಪಾಲಿದೆ, ಇಬ್ಬರ ಹೆಸರನ್ನೂ ಬರೆಯುತ್ತೇನೆ ಎಂದೂ ಹೇಳಿದೆ. ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ಬಾ, ಕೂತು ಮಾತಾಡೋಣ" ಎಂದರು.