ಒಂದನೇ ನಾಚ್‌ನಲ್ಲೇ ಹೊರಡಿಸು, ಪುಟ್ಟಿ

ಪುಟ್ಟೀ, ನಿನ್ನೆ ರಾತ್ರಿ ಊಟದ ಮೇಜಿನ ಮೇಲೆ ಹಳಿ ಜೋಡಿಸಿ ನೀನು ಓಡಿಸಿದ ಪುಟ್ಟ ಡಬ್ಲ್ಯುಡಿಎಂ-2 ಡೀಸೆಲ್ ಇಂಜಿನ್ ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ಅದರ ಕೈಕಂಬಿಗಳನ್ನು ಕೂದಲೆಳೆಯಂಥ ತಂತಿಯಲ್ಲಿ ಬಗ್ಗಿಸಿ ಕೂರಿಸಿದ್ದೀಯ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದೇ ಇಂಜಿನ್ನಿನ ಕ್ಯಾಬಿನಲ್ಲಿ ಬುತ್ತಿ ಬಿಚ್ಚಿ ಉಂಡವನು ನಾನು. ಅದಕ್ಕೇ ಒಂದು ಮಾತು ಹೇಳಬೇಕು ಅನ್ನಿಸಿತು. ಅಷ್ಟು ಜೋರಾಗಿ ಓಡಿಸಬೇಡ, ಕಂದ.

ನೀನೇ ಲೆಕ್ಕ ಹಾಕಿ ನೋಡು. ನಿನ್ನದು ಎಚ್‌ಓ ಅಳತೆ, ಅಂದರೆ 87ರಲ್ಲಿ ಒಂದು ಪಾಲು. ಅಸಲಿ ಇಂಜಿನ್ನಿನ ಉದ್ದ 17.12 ಮೀಟರ್, ನಿನ್ನದು 20 ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಅದು ಸರಿಯಾಗಿದೆ. ಆದರೆ ವೇಗವನ್ನೂ ಹಾಗೇ ಭಾಗಿಸಬೇಕಲ್ಲ? ನಮಗಿದ್ದ ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ನಿನ್ನ ಹಳಿಯ ಮೇಲೆ ಅದು ಸೆಕೆಂಡಿಗೆ 38 ಸೆಂಟಿಮೀಟರ್ ಆಗುತ್ತದೆ. ಎರಡು ಮೀಟರಿನ ಮೇಜು ದಾಟಲು ಐದು ಸೆಕೆಂಡ್ ಬೇಕು. ನಿನ್ನೆ ಒಂದೂವರೆ ಸೆಕೆಂಡಿಗೇ ದಾಟಿತು. ಗಂಟೆಗೆ 400 ಕಿ.ಮೀ. ಮೀರಿದ ಹಾಗಾಯಿತು!

ನಾವು ಗೂಡ್ಸ್ ಗಾಡಿ ಹೊರಡಿಸುತ್ತಿದ್ದ ರೀತಿ ಹೇಳುತ್ತೇನೆ ಕೇಳು. ಹ್ಯಾಂಡಲ್‌ನಲ್ಲಿ ಎಂಟು ನಾಚ್, ಅಂದರೆ ಮೆಟ್ಟಿಲು, ಇರುತ್ತವೆ. ಮೊದಲು ಒಂದಕ್ಕೆ ತಂದು ಸುಮ್ಮನೆ ಕಾಯಬೇಕು. ಹಿಂದೆ ವ್ಯಾಗನ್ನುಗಳ ಕೊಂಡಿಗಳು ಒಂದಾದ ಮೇಲೊಂದು ಬಿಗಿಯಾಗುವುದು ಬೆನ್ನಿಗೆ ಗೊತ್ತಾಗುತ್ತದೆ. ಆಮೇಲೆ ಎರಡು, ಆಮೇಲೆ ಮೂರು. ಅವಸರ ಮಾಡಿ ಹ್ಯಾಂಡಲ್ ಎಳೆದರೆ ಡೀಸೆಲ್ ಮೊದಲು ನುಗ್ಗುತ್ತದೆ, ಟರ್ಬೊ ತಳ್ಳುವ ಗಾಳಿ ತಡವಾಗಿ ಬರುತ್ತದೆ. ಆಗಲೇ ಮೇಲಿಂದ ಕಪ್ಪು ಹೊಗೆ ಬುಸ್ಸೆಂದು ಏಳುವುದು. ಚಕ್ರವೂ ಜಾರೀತು, ಹಳಿಯ ಮೇಲೆ ಮರಳು ಬಿಡಬೇಕಾದೀತು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ ಏರುವ ದಾರಿಯಲ್ಲಿ ತುಂಬಿದ ಲೋಡ್ ಎಳೆಯುವಾಗ 2,600 ಕುದುರೆ ಶಕ್ತಿಯ ಆ ಹದಿನಾರು ಸಿಲಿಂಡರುಗಳ ದನಿ ಎದೆಯೊಳಗೇ ಬಡಿಯುತ್ತಿತ್ತು. ನಿನ್ನ ಮಾದರಿಗೆ ಆ ದನಿ ಇಲ್ಲದಿದ್ದರೂ ಚಿಂತೆಯಿಲ್ಲ. ನಿಧಾನವಾಗಿ ಹೊರಟರೆ ನೋಡುವವರ ಕಿವಿಗೆ ತಾನಾಗೇ ಕೇಳುತ್ತದೆ.

ಮೆಲ್ಲಗೆ ಹೋಗಲು ತೂಕ ಬೇಕು. ಉದ್ದ 87 ಪಾಲು ಇಳಿದರೆ ತೂಕ 87ನ್ನು 87ರಿಂದ ಎರಡು ಸಲ ಗುಣಿಸಿದಷ್ಟು ಪಾಲು ಇಳಿಯುತ್ತದೆ. 112.8 ಟನ್ನಿನ ಇಂಜಿನ್ ಆ ಲೆಕ್ಕಕ್ಕೆ 171 ಗ್ರಾಂ ಆಗಿಬಿಡುತ್ತದೆ. ಅಷ್ಟಕ್ಕೇ ನಿಲ್ಲಿಸಬೇಡ. ಇಂಜಿನ್ನಿನ ಉದ್ದ ಮೂತಿಯಾದ ಲಾಂಗ್ ಹುಡ್‌ನೊಳಗೆ ಸೀಸದ ತುಂಡುಗಳನ್ನು, ಚಕ್ರಗಳನ್ನು ಹಿಡಿದ ಎರಡೂ ಬೋಗಿಗೆ ಸಮನಾಗಿ ಹಂಚಿ ಅಂಟಿಸು, ಮೋಟಾರ್ ಬಿಸಿಯಾಗದಷ್ಟು.

ಹಳಿಯ ಅಗಲದ ಬಗ್ಗೆ ನೀನು ಬೇಜಾರು ಮಾಡಿಕೊಂಡಿದ್ದೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಅದಕ್ಕೆ ನಿನ್ನ ಹಳಿ 19.3 ಮಿ.ಮೀ. ಇರಬೇಕಿತ್ತು. ಅಂಗಡಿಯಲ್ಲಿ ಸಿಗುವುದು 16.5. ಅದನ್ನು ಸದ್ಯಕ್ಕೆ ಬಿಡು, ಪಕ್ಕದಿಂದ ನೋಡಿದರೆ ತಿಳಿಯುವುದಿಲ್ಲ. ಬೋಗಿಯನ್ನು ಮಾತ್ರ ಬಿಡಬೇಡ. ನೀನು ತಂದ ಸಿದ್ಧ ಬೋಗಿಯಲ್ಲಿ ಮೂರು ಆಕ್ಸಲ್‌ಗಳೂ ಸಮದೂರದಲ್ಲಿವೆ. ಅಸಲಿಯದರಲ್ಲಿ ಒಂದು ಸಂದು ದೊಡ್ಡದು, ಒಂದು ಚಿಕ್ಕದು. ಪ್ರತಿ ಆಕ್ಸಲ್‌ಗೂ ಒಂದೊಂದು ಟ್ರ್ಯಾಕ್ಷನ್ ಮೋಟಾರ್ ಕೂರಿಸಿದ ಬಗೆಯಿಂದ ಬಂದದ್ದು ಅದು. ಶೆಡ್ಡಿನಲ್ಲಿ ಗ್ರೀಸ್ ಮುಟ್ಟಿದ ಯಾರೇ ಬಂದರೂ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಆ ಬೋಗಿಯನ್ನು ಬಿಚ್ಚಿ ಹೊಸದಾಗಿ ಮಾಡು, ಒಂದು ತಿಂಗಳು ಹಿಡಿದರೂ ಹಿಡಿಯಲಿ.

ಈ ಇಂಜಿನ್ ಬಗ್ಗೆ ನನಗೆ ಇಷ್ಟು ಅಕ್ಕರೆ ಯಾಕೆ ಗೊತ್ತೆ? 1962ರಲ್ಲಿ ಅಮೆರಿಕದ ಆಲ್ಕೊ ಕಂಪನಿಯಿಂದ ಹಡಗಿನಲ್ಲಿ ಬಂತು. 1964ರಿಂದ ವಾರಾಣಸಿಯಲ್ಲಿ ನಮ್ಮವರೇ ತಯಾರಿಸಿದರು. 1969ರಲ್ಲಿ ಆ ಕಂಪನಿ ಇಂಜಿನ್ ಮಾಡುವುದನ್ನೇ ನಿಲ್ಲಿಸಿತು. ನಮ್ಮವರು 1990ರ ದಶಕದವರೆಗೂ ಮಾಡುತ್ತಲೇ ಇದ್ದರು, 2,600ಕ್ಕೂ ಹೆಚ್ಚು. ಈಗ ಹೆಚ್ಚಿನವು ಗುಜರಿಗೆ ಹೋಗಿವೆ.

ಇನ್ನೊಂದು ಮಾತು. ಲಾಂಗ್ ಹುಡ್ ಮುಂದಾಗಿ ಹೋಗುವಾಗ ಡ್ರೈವರಿಗೆ ಒಂದು ಮಗ್ಗುಲು ಕಾಣುವುದಿಲ್ಲ. ಆ ಕಡೆಯ ತಿರುವಿನ ಸಿಗ್ನಲ್ ನೋಡಿ ಅಸಿಸ್ಟೆಂಟ್ ಕೂಗಿ ಹೇಳಬೇಕು. ನಾಳೆ ಸಂಜೆ ಹಾಗೇ ಜೋಡಿಸು. ಆ ಮಗ್ಗುಲಲ್ಲಿ ಕುರ್ಚಿ ಹಾಕಿಕೊಂಡು ಸಿಗ್ನಲ್ ನಾನು ಕೂಗುತ್ತೇನೆ.