ಶಾಲೆಯ ನಿಯಮ, ಮನೆಯ ಪಾಲು

(ಸ್ವಸಹಾಯ ಸಂಘ, ವಾಳೆ ಕೂಟ ಮತ್ತು ಹೆತ್ತವರ ಸಭೆಗಳಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಮೇ ತಿಂಗಳ ಕೊನೆಗೆ ಶಾಲೆ ಶುರುವಾಗುತ್ತದೆ. ಹೊಸ ಪುಸ್ತಕ, ಹೊಸ ಕೊಡೆಯ ಜತೆಗೆ ಶಾಲೆಯ ಡೈರಿಯೂ ಮನೆಗೆ ಬರುತ್ತದೆ. ಅದರ ಮೊದಲ ಪುಟಗಳಲ್ಲಿ ನಿಯಮಗಳಿರುತ್ತವೆ. ಎಷ್ಟು ಗಂಟೆಗೆ ಬರಬೇಕು, ರಜೆಗೆ ಏನು ಮಾಡಬೇಕು, ಯಾವ ದಿನ ಯಾವ ಯೂನಿಫಾರ್ಮ್, ಸಭೆಗೆ ಯಾರು ಬರಬೇಕು ಎಂದೆಲ್ಲ ಬರೆದಿರುತ್ತದೆ. ಕೊನೆಗೆ ಹೆತ್ತವರ ಸಹಿಗೆ ಜಾಗ. ಹೆಚ್ಚಿನ ಮನೆಗಳಲ್ಲಿ ಓದದೆಯೇ ಸಹಿ ಹಾಕಿ ಕಳಿಸುತ್ತಾರೆ. ವರ್ಷದ ಮಧ್ಯದಲ್ಲಿ ಏನಾದರೂ ತೊಂದರೆ ಬಂದಾಗ "ನೀವೇ ಸಹಿ ಹಾಕಿದ್ದೀರಲ್ಲ" ಎಂದು ಶಾಲೆ ಹೇಳುತ್ತದೆ, "ನಮಗೆ ಯಾರು ಹೇಳಿದ್ದು?" ಎಂದು ಮನೆ ಕೇಳುತ್ತದೆ. ನಡುವೆ ಸಿಕ್ಕಿ ನಲುಗುವುದು ಮಗು.

ನಮ್ಮ ನಾರಾವಿ, ಕುತ್ಲೂರು ಪರಿಸರದ ಮನೆಗಳು ನಿಮಗೆ ಗೊತ್ತು. ಕೆಲವರು ಬೀಡಿ ಕಟ್ಟುತ್ತಾರೆ, ಕೆಲವರು ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾರೆ, ಕೆಲವರದು ಅಡಿಕೆ ತೋಟದ ಕೂಲಿ. ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳ. ಶಾಲೆಯ ಮಾತು ಕನ್ನಡ ಅಥವಾ ಇಂಗ್ಲಿಷ್. ಹೀಗಿರುವಲ್ಲಿ ಶಾಲೆಯ ನಿಯಮವೊಂದು ಒಂದು ಮನೆಗೆ ಸುಲಭ, ಇನ್ನೊಂದು ಮನೆಗೆ ಬೆಟ್ಟ. ಆದ್ದರಿಂದ ಈ ಪಾಠದ ಮುಖ್ಯ ವಿಷಯ ಇಷ್ಟೇ: ನಿಯಮ ಇರುವುದು ಮಗುವನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದಕ್ಕೆ, ಹೊರಗೆ ಕಳಿಸುವುದಕ್ಕಲ್ಲ. ಅದಕ್ಕಾಗಿ ಮನೆಯೂ ಶಾಲೆಯೂ ತಮ್ಮ ತಮ್ಮ ಪಾಲನ್ನು ತಿಳಿದಿರಬೇಕು.

1. ಮೊದಲ ಗುರು ಯಾರು?

ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಕ್ರೈಸ್ತ ಶಿಕ್ಷಣದ ಬಗ್ಗೆ ಒಂದು ಘೋಷಣೆಯನ್ನು ಹೊರಡಿಸಿತು. ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ಹೆತ್ತವರೇ, ಶಾಲೆ ಅವರ ಸಹಾಯಕ್ಕೆ ಇರುವುದು ಎಂಬುದು ಅದರ ತಾತ್ಪರ್ಯ. ಯೇಸು ಸ್ವಾಮಿಯೂ ನಜರೇತಿನ ಮನೆಯಲ್ಲಿ ಜೋಸೆಫ್ ಮತ್ತು ಮರಿಯಮ್ಮನವರಿಗೆ ವಿಧೇಯರಾಗಿದ್ದುಕೊಂಡು ಜ್ಞಾನದಲ್ಲಿ ಬೆಳೆದರೆಂದು ಸಂತ ಲೂಕರು ತಿಳಿಸುತ್ತಾರೆ. ಜೋಸೆಫರು ಬಡಗಿ, ಕೈಕೆಲಸದವರು. ಆದ್ದರಿಂದ "ನಾನು ಓದಿದವಳಲ್ಲ, ಶಾಲೆಯ ವಿಷಯ ನನಗೇನು ಗೊತ್ತು" ಎಂದು ಯಾವ ತಾಯಿಯೂ ಹಿಂದೆ ಸರಿಯಬೇಕಾಗಿಲ್ಲ.

ಹಾಗೆಯೇ "ಶುಲ್ಕ ಕೊಟ್ಟಿದ್ದೇವೆ, ಇನ್ನು ಎಲ್ಲ ಶಾಲೆಯವರೇ ನೋಡಿಕೊಳ್ಳಲಿ" ಎನ್ನುವುದೂ ಸರಿಯಲ್ಲ. ಮಗು ಶಾಲೆಯಲ್ಲಿರುವುದು ದಿನಕ್ಕೆ ಆರೇಳು ಗಂಟೆ. ಉಳಿದ ಹೊತ್ತು ಅದು ಮನೆಯಲ್ಲಿಯೇ ಕಲಿಯುವುದು.

2. ದಿನಾಲೂ ಶಾಲೆಗೆ, ಹೊತ್ತಿಗೆ ಸರಿಯಾಗಿ

ಶಿಕ್ಷಣ ಹಕ್ಕು ಕಾಯ್ದೆ, 2009ರ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕಡಿಮೆ ಎಂದರೆ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಪಾಠ ನಡೆಯಬೇಕು. ಇದು ದೊಡ್ಡ ಸಂಖ್ಯೆಯ ಹಾಗೆ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಮೂರು ದಿನ ತಪ್ಪಿದರೆ ಹತ್ತು ತಿಂಗಳಲ್ಲಿ 30 ದಿನ ಹೋಯಿತು. ಭಾಗಾಕಾರ ಕಲಿಸಿದ ವಾರ ಮಗು ಇಲ್ಲದಿದ್ದರೆ ಮುಂದಿನ ತರಗತಿಯಲ್ಲಿ ಭಿನ್ನರಾಶಿ ಅದಕ್ಕೆ ಅರ್ಥವಾಗುವುದಿಲ್ಲ. ಕ್ರಮೇಣ "ನನಗೆ ಲೆಕ್ಕ ಬರುವುದಿಲ್ಲ" ಎಂಬ ಮಾತು ಬರುತ್ತದೆ. ಆಮೇಲೆ "ನಾನು ಶಾಲೆಗೆ ಹೋಗುವುದಿಲ್ಲ" ಎಂಬ ಮಾತು.

ಮನೆಯ ಪಾಲು: ಮದುವೆ, ಭೂತಕೋಲ, ಜಾತ್ರೆ, ಹಬ್ಬ ಎಂದು ಇಡೀ ವಾರ ಮಗುವನ್ನು ನಿಲ್ಲಿಸಬೇಡಿ. ಸಣ್ಣ ಮಗುವನ್ನು ನೋಡಿಕೊಳ್ಳಲಿಕ್ಕೆ ದೊಡ್ಡವಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇದು ಹೆಚ್ಚಾಗಿ ಹೆಣ್ಣುಮಕ್ಕಳಿಗೇ ಆಗುವುದು. ರಜೆ ಮಾಡಲೇಬೇಕಾದರೆ ನಿಜವಾದ ಕಾರಣವನ್ನು ತಿಳಿಸಿ. ಎಲ್ಲದಕ್ಕೂ "ಜ್ವರ" ಎಂದು ಬರೆದು ಕಳಿಸಿದರೆ, ನಿಜವಾಗಿ ಜ್ವರ ಬಂದ ದಿನ ಯಾರೂ ನಂಬುವುದಿಲ್ಲ. ಮಗುವೂ ಸುಳ್ಳು ಹೇಳಲು ಕಲಿಯುತ್ತದೆ.

ಶಾಲೆಯ ಪಾಲು: ಘಟ್ಟದ ಬುಡದ ನಮ್ಮ ಊರಿನ ಮಳೆ ಶಾಲೆಗೆ ಗೊತ್ತಿರಬೇಕು. ಜೂನ್, ಜುಲೈಯಲ್ಲಿ ತೋಡು ಉಕ್ಕಿದರೆ ಕಾಲುಸಂಕ ದಾಟಿ ಬರುವ ಮಗು ತಡವಾಗುವುದು ಸೋಮಾರಿತನದಿಂದಲ್ಲ. ಅಂಗಿ ಚಂಡಿಯಾಗಿ ಬಂದ ಮಗುವನ್ನು ಜಗಲಿಯಲ್ಲಿ ನಿಲ್ಲಿಸುವ ಬದಲು ಒಳಗೆ ಕರೆದು ತಲೆ ಒರೆಸಲು ಹೇಳಬೇಕು. ಯಾವ ಮಗು ಯಾವ ದಾರಿಯಲ್ಲಿ ಬರುತ್ತದೆ ಎಂದು ತರಗತಿಯ ಟೀಚರಿಗೆ ಜೂನ್ ಮೊದಲ ವಾರವೇ ತಿಳಿದಿದ್ದರೆ ಒಳ್ಳೆಯದು. ಅದನ್ನು ಹೇಳಬೇಕಾದವರು ನೀವು. ಜಿಲ್ಲಾಡಳಿತ ರಜೆ ಘೋಷಿಸದ ದಿನವೂ ದಾರಿ ಅಪಾಯ ಎಂದು ಕಂಡರೆ ಮಗುವನ್ನು ಕಳಿಸಬೇಡಿ, ಶಾಲೆಗೆ ಫೋನ್ ಮಾಡಿ ತಿಳಿಸಿ. ಹಾಜರಿಗಿಂತ ಜೀವ ದೊಡ್ಡದು.

3. ಡೈರಿ ಮತ್ತು ಹೋಂವರ್ಕ್

"ಸಿಸ್ಟರ್, ನನಗೆ ಇಂಗ್ಲಿಷ್ ಬರುವುದಿಲ್ಲ, ಸಹಿ ಮಾತ್ರ ಹಾಕ್ತೇನೆ" ಎನ್ನುವ ತಾಯಂದಿರು ಮನೆಭೇಟಿಯಲ್ಲಿ ಬಹಳ ಸಿಗುತ್ತಾರೆ. ಅವರಿಗೆ ನಾನು ಹೇಳುವುದು: ಓದಲು ಬಾರದಿದ್ದರೂ ಕೇಳಲು ಬರುತ್ತದೆ. ಸಂಜೆ ಮಗುವನ್ನು ಪಕ್ಕದಲ್ಲಿ ಕೂರಿಸಿ "ಇವತ್ತು ಟೀಚರ್ ಏನು ಹೇಳಿಕೊಟ್ಟರು? ಡೈರಿಯಲ್ಲಿ ಏನು ಬರೆದಿದೆ, ತುಳುವಿನಲ್ಲಿ ಹೇಳು" ಎಂದು ಕೇಳಿ. ಕೈ ಬೀಡಿ ಕಟ್ಟುತ್ತಿರಲಿ, ಕಿವಿ ಮಗುವಿನ ಕಡೆ ಇರಲಿ. ಶಾಲೆಯಲ್ಲಿ ಕಲಿತದ್ದನ್ನು ಮನೆಮಾತಿನಲ್ಲಿ ಹೇಳಿದ ಮಗುವಿಗೆ ಆ ಪಾಠ ಇನ್ನೊಮ್ಮೆ ಗಟ್ಟಿಯಾಗುತ್ತದೆ. ಆ ಅರ್ಧ ಗಂಟೆ ಟಿ.ವಿ. ಮತ್ತು ಮೊಬೈಲ್ ಬಂದ್ ಇರಬೇಕು. ಅಪ್ಪನ ಮೊಬೈಲ್ ಕೂಡ.

ಇನ್ನೊಂದು ವಿಷಯ ತಿಳಿದಿರಲಿ. ಕರ್ನಾಟಕ ಸರಕಾರ 2019ರಲ್ಲಿ ಹೊರಡಿಸಿದ ಆದೇಶದಂತೆ 1 ಮತ್ತು 2ನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಕೊಡಬಾರದು. ಚೀಲದ ತೂಕಕ್ಕೂ ಮಿತಿ ಉಂಟು: 1-2ನೇ ತರಗತಿಗೆ ಒಂದೂವರೆಯಿಂದ 2 ಕಿಲೋ, 3ರಿಂದ 5ಕ್ಕೆ 2ರಿಂದ 3 ಕಿಲೋ, 6ರಿಂದ 8ಕ್ಕೆ 3ರಿಂದ 4 ಕಿಲೋ. ಎಷ್ಟೋ ಸಲ ಹೆತ್ತವರೇ "ಹೋಂವರ್ಕ್ ಯಾಕೆ ಕೊಡುವುದಿಲ್ಲ? ಆ ಶಾಲೆಯಲ್ಲಿ ಎಷ್ಟು ಕೊಡುತ್ತಾರೆ!" ಎಂದು ಬಂದು ಜೋರು ಮಾಡುತ್ತಾರೆ. ಆರು ವರ್ಷದ ಮಗುವಿಗೆ ಸಂಜೆ ಬೇಕಾದದ್ದು ಆಟ, ಊಟ, ನಿದ್ದೆ ಮತ್ತು ನಿಮ್ಮ ಮಾತು.

ಶಾಲೆಯ ಪಾಲು: ಡೈರಿಯ ಮುಖ್ಯ ಸೂಚನೆಗಳು ಕನ್ನಡದಲ್ಲಿಯೂ ಇರಲಿ. ಓದಲು ಬಾರದ ಹೆತ್ತವರ ಪಟ್ಟಿ ಟೀಚರ ಬಳಿ ಇರಲಿ, ಅವರಿಗೆ ಬಾಯಿಮಾತಿನಲ್ಲಿ ತಿಳಿಸುವ ವ್ಯವಸ್ಥೆಯಾಗಲಿ. ಹೋಂವರ್ಕ್ ಎಂದರೆ ಮಗು ತಾನೇ ಮಾಡುವಂಥದ್ದು. ಅಮ್ಮ ಮಾಡಿಕೊಡಬೇಕಾದ ಚಾರ್ಟು, ಮಾಡೆಲ್ ಕೊಟ್ಟರೆ ಅದು ಅಮ್ಮನಿಗೆ ಪರೀಕ್ಷೆ, ಕಿಸೆಗೆ ಖರ್ಚು.

4. ಶಿಸ್ತು ಎಂದರೆ ಪೆಟ್ಟು ಅಲ್ಲ

"ಟೀಚರ್, ಎರಡು ಪೆಟ್ಟು ಕೊಡಿ, ನಾವೇನೂ ಕೇಳುವುದಿಲ್ಲ." ಹೀಗೆ ಹೇಳುವ ಹೆತ್ತವರು ಈಗಲೂ ಇದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಈ ಅನುಮತಿಯನ್ನು ಕೊಡುವ ಅಧಿಕಾರ ಹೆತ್ತವರಿಗೂ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಇಲ್ಲಿ ಒಂದು ಪ್ರಶ್ನೆ ಬರುತ್ತದೆ. 2014ರ ಮೇ 6ರಂದು ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿದೆ. ಆ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂದು ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ 2025ರ ಸೆಪ್ಟೆಂಬರ್‌ನಲ್ಲಿ ಅಭಿಪ್ರಾಯಪಟ್ಟು, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ಹಾಗಾದರೆ ನಮ್ಮ ಕ್ರೈಸ್ತ ಶಾಲೆಗಳಲ್ಲಿ ಪೆಟ್ಟು ಕೊಡಬಹುದೇ? ಖಂಡಿತ ಇಲ್ಲ. ಬಾಲನ್ಯಾಯ ಕಾಯ್ದೆ, 2015 ಎಲ್ಲರಿಗೂ ಅನ್ವಯ. ತನ್ನ ವಶದಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವವರಿಗೆ ಅದರ 75ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಉಂಟು. ಲೈಂಗಿಕ ದೌರ್ಜನ್ಯದಿಂದ ಮಕ್ಕಳ ರಕ್ಷಣೆಯ ಪೋಕ್ಸೋ ಕಾಯ್ದೆ, 2012 ಸಹ ಎಲ್ಲ ಶಾಲೆಗಳಿಗೂ, ಎಲ್ಲ ಮನೆಗಳಿಗೂ ಅನ್ವಯ. ಅದರಲ್ಲಿ ವಿಷಯ ಗೊತ್ತಿದ್ದೂ ತಿಳಿಸದಿರುವುದೇ ಒಂದು ಅಪರಾಧ.

ಅದಕ್ಕಿಂತ ಮೇಲಿನ ಮಾತು ಒಂದುಂಟು. ಮಕ್ಕಳನ್ನು ಹತ್ತಿರ ಬರಲು ಬಿಡಿ ಎಂದ ಸ್ವಾಮಿಯ ಹೆಸರಿನಲ್ಲಿ ನಡೆಯುವ ಶಾಲೆ, ಕಾನೂನು ಕೇಳುವುದಕ್ಕಿಂತ ಕಡಿಮೆ ಮಾಡಿ ತೃಪ್ತಿಪಡಲಾಗದು. ಕಾನೂನು ನಮ್ಮನ್ನು ಬಿಟ್ಟರೂ ಸುವಾರ್ತೆ ಬಿಡುವುದಿಲ್ಲ.

ಹಾಗಂತ ತಪ್ಪಿಗೆ ಏನೂ ಆಗುವುದಿಲ್ಲ ಎಂದಲ್ಲ. ಪಕ್ಕದವನ ಪುಸ್ತಕ ಹರಿದ ಮಗು ಅದನ್ನು ಅಂಟಿಸಿ ಕೊಡಲಿ. ಬೈದವನು ಕ್ಷಮೆ ಕೇಳಲಿ. ಗಲೀಜು ಮಾಡಿದವನು ಗುಡಿಸಲಿ. ತಪ್ಪನ್ನು ಸರಿಮಾಡಿಸುವುದು ಶಿಸ್ತು, ಎಲ್ಲರ ಎದುರು ನಾಚಿಸುವುದು ಹಿಂಸೆ. ಮನೆಯಲ್ಲಿಯೂ ಇದೇ ಕ್ರಮ ಇರಲಿ. ಶಾಲೆಯಲ್ಲಿ ಪ್ರೀತಿಯ ಮಾತು, ಮನೆಯಲ್ಲಿ ಬೆತ್ತ ಎಂದಾದರೆ ಮಗು ಬೆತ್ತಕ್ಕೆ ಮಾತ್ರ ಹೆದರಲು ಕಲಿಯುತ್ತದೆ.

5. ಶುಲ್ಕ, ಯೂನಿಫಾರ್ಮ್, ಮಾನ

ನನ್ನ ಕೆಲಸದಲ್ಲಿ ಕಂಡದ್ದು: ಶಾಲೆ ಬಿಟ್ಟ ಮಕ್ಕಳಲ್ಲಿ ಅನೇಕರು ಪಾಠ ಕಷ್ಟವೆಂದು ಬಿಟ್ಟವರಲ್ಲ. ಶುಲ್ಕ ಬಾಕಿ ಇದೆ ಎಂದು ಹೆಸರು ಕರೆದ ದಿನದಿಂದ ಹೊಟ್ಟೆನೋವು ಶುರುವಾಗುತ್ತದೆ. ಆ ಹೊಟ್ಟೆನೋವು ಯಾವ ಡಾಕ್ಟರಿಗೂ ಸಿಗುವುದಿಲ್ಲ. ಬಾಕಿ ಇರುವುದು ಹೆತ್ತವರದ್ದು, ಮಗುವಿನದ್ದಲ್ಲ. ಆ ಮಾತನ್ನು ಹೆತ್ತವರ ಹತ್ತಿರವೇ, ಆಫೀಸಿನಲ್ಲಿ, ಬಾಗಿಲು ಮುಚ್ಚಿ ಆಡಬೇಕು.

ಹೆತ್ತವರು ಮಾಡಬೇಕಾದ್ದು: ಕಷ್ಟ ಇದ್ದರೆ ಬಾಕಿ ಬೆಳೆಯುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು ಕಂತು ಕೇಳಿ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನ ಇದೆ, ಬೀಡಿ ಕಾರ್ಡು ಸರಿಯಾಗಿಟ್ಟುಕೊಂಡು ಅರ್ಜಿ ಹಾಕಿ. ಅಲ್ಪಸಂಖ್ಯಾತ ಮಕ್ಕಳಿಗೆ 1ನೇ ತರಗತಿಯಿಂದಲೇ ಸಿಗುತ್ತಿದ್ದ ಕೇಂದ್ರ ಸರಕಾರದ ವಿದ್ಯಾರ್ಥಿವೇತನ 1ರಿಂದ 8ನೇ ತರಗತಿಯವರಿಗೆ 2022-23ರಿಂದ ನಿಂತಿದೆ. ಅದನ್ನು ನಂಬಿ ಕೂರಬೇಡಿ. ಇನ್ನು ಸಂಘದ ಸಾಲ ತೆಗೆದು ಹುಟ್ಟುಹಬ್ಬಕ್ಕೆ ಇಡೀ ತರಗತಿಗೆ ಚಾಕಲೇಟು, ಗಿಫ್ಟು ಹಂಚುವುದು ಬೇಡ. ನಿಮ್ಮ ಮಗು ಹಂಚಿದ ದಿನ ಹಂಚಲಾಗದ ಮಗು ಒಂದು ಮೂಲೆಯಲ್ಲಿ ಕೂತಿರುತ್ತದೆ.

6. ಪ್ರಾರ್ಥನೆಯ ವಿಷಯ

ನಮ್ಮ ಊರಿನಲ್ಲಿ ಇಗರ್ಜಿ, ಸೂರ್ಯನಾರಾಯಣ ದೇವಸ್ಥಾನ, ಮಸೀದಿ, ಬಸದಿಗೆ ಹೋಗುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸಂವಿಧಾನದ 28(3)ನೇ ವಿಧಿಯಂತೆ, ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಹೆತ್ತವರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಆದ್ದರಿಂದ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶ ನಡೆಯುವಾಗ ಇತರರಿಗೆ ಮೌಲ್ಯ ಶಿಕ್ಷಣ ಇಡುವುದು ಸರಿಯಾದ ಕ್ರಮ. ಸಂಶಯವಿದ್ದರೆ ನೇರವಾಗಿ ಬಂದು ಕೇಳಿ, ರಸ್ತೆ ಬದಿಯಲ್ಲಿ ಮಾತು ಬೆಳೆಸಬೇಡಿ. ಕ್ರೈಸ್ತ ಹೆತ್ತವರಿಗೂ ಒಂದು ಮಾತು: ಶಾಲೆಯಲ್ಲಿ ಧರ್ಮೋಪದೇಶ ಇದೆಯೆಂದು ಮನೆಯ ತೇರ್ಸ ಬಿಡಬೇಡಿ.

7. ಸಭೆ ಮತ್ತು ದೂರು

ಹೆತ್ತವರನ್ನು ಆಗಾಗ ಕರೆದು ಮಗುವಿನ ಹಾಜರಿ, ಕಲಿಕೆ, ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಹೇಳುತ್ತದೆ. ಇದನ್ನೂ ಕ್ರೈಸ್ತ ಶಾಲೆ ಸಂತೋಷದಿಂದ ಮಾಡಬೇಕು. ಆದರೆ ವಾರದ ಮಧ್ಯ ಬೆಳಿಗ್ಗೆ 11 ಗಂಟೆಗೆ ಸಭೆ ಇಟ್ಟರೆ ಕೂಲಿಗೆ ಹೋಗುವವರಿಗೆ ಒಂದು ದಿನದ ಸಂಬಳ ಹೋಗುತ್ತದೆ. ಬ್ರಾಂಚಿಗೆ ಬೀಡಿ ಕೊಡುವ ದಿನ ಬೇರೆ ಇರುತ್ತದೆ. ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಸಭೆ ಇಟ್ಟರೆ ಅಪ್ಪಂದಿರೂ ಬರಬಹುದು. ಬಾರದವರನ್ನು "ಜವಾಬ್ದಾರಿ ಇಲ್ಲದವರು" ಎನ್ನುವ ಮೊದಲು ಯಾಕೆ ಬರಲಿಲ್ಲ ಎಂದು ವಿಚಾರಿಸಬೇಕು.

ದೂರು ಇದ್ದರೆ ಕ್ರಮ ಹೀಗಿರಲಿ: ಮೊದಲು ತರಗತಿಯ ಟೀಚರ್, ಆಮೇಲೆ ಮುಖ್ಯೋಪಾಧ್ಯಾಯರು, ಕೊನೆಗೆ ಶಾಲಾ ಸಂಚಾಲಕರು. ವಾಟ್ಸಾಪ್ ಗ್ರೂಪಿನಲ್ಲಿ ಟೀಚರ ಹೆಸರು ಅಥವಾ ಬೇರೆ ಮಗುವಿನ ಹೆಸರು ಹಾಕಿ ಬರೆಯಬೇಡಿ. ಮಗುವಿನ ಎದುರು ಟೀಚರನ್ನು ಹೀಯಾಳಿಸಬೇಡಿ. ಆದರೆ ಮಗುವಿನ ಸುರಕ್ಷೆಯ ವಿಷಯವಾದರೆ ಈ ಮೆಟ್ಟಿಲು ಹತ್ತುತ್ತಾ ಕೂರಬೇಕಾಗಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರೂ, ಯಾವ ಹೊತ್ತಿಗೂ ಕರೆ ಮಾಡಬಹುದು. ದುಡ್ಡು ಇಲ್ಲ. ಮಗುವಿಗೂ ಆ ಸಂಖ್ಯೆ ಬಾಯಿಪಾಠ ಇರಲಿ.

ಚರ್ಚೆಗೆ ಪ್ರಶ್ನೆಗಳು

1) ನಿಮ್ಮ ಮಗುವಿನ ಡೈರಿಯ ನಿಯಮಗಳಲ್ಲಿ ಯಾವುದು ನಿಮಗೆ ಅರ್ಥವಾಗಿಲ್ಲ? ಯಾವುದನ್ನು ಪಾಲಿಸಲು ಕಷ್ಟ? ಯಾಕೆ?
2) ಕಳೆದ ವರ್ಷ ನಿಮ್ಮ ಮಗು ಎಷ್ಟು ದಿನ ಶಾಲೆ ತಪ್ಪಿಸಿತು? ಅದರಲ್ಲಿ ಎಷ್ಟು ದಿನ ತಪ್ಪಿಸಬೇಕಾಗಿರಲಿಲ್ಲ?
3) ನಿಮ್ಮ ವಾಳೆಯಲ್ಲಿ ಶಾಲೆಗೆ ಹೋಗದೆ ಮನೆಯಲ್ಲಿರುವ ಮಗು ಯಾವುದಾದರೂ ಇದೆಯೇ? ಯಾರು ಹೋಗಿ ಮಾತಾಡುತ್ತೀರಿ?

ಮುಂದಿನ ಸಭೆಯ ಮೊದಲು ಮಾಡಬೇಕಾದ ಕೆಲಸ

ಓದಲು ಬರುವ ಒಬ್ಬರು, ಓದಲು ಬಾರದ ಇಬ್ಬರ ಮನೆಗೆ ಹೋಗಿ ಡೈರಿಯ ನಿಯಮಗಳನ್ನು ಅವರ ಮಾತಿನಲ್ಲಿ ಓದಿ ಹೇಳಿ. ಪಾಲಿಸಲು ಕಷ್ಟವಾದ ನಿಯಮಗಳನ್ನು ಒಂದು ಕಾಗದದಲ್ಲಿ ಬರೆದು, ಸಂಘದ ಇಬ್ಬರು ಪ್ರತಿನಿಧಿಗಳು ಮುಖ್ಯೋಪಾಧ್ಯಾಯರಿಗೆ ಕೊಟ್ಟು ಮಾತಾಡಿ. ಜಗಳಕ್ಕೆ ಹೋಗಬೇಡಿ, ಬರಿಗೈಯಲ್ಲೂ ಹೋಗಬೇಡಿ. ಪ್ರತಿಯೊಂದು ಕಷ್ಟದ ಜತೆ ನಿಮ್ಮ ಕಡೆಯಿಂದ ಮಾಡಬಹುದಾದ ಒಂದು ಕೆಲಸವನ್ನೂ ಬರೆದಿರಿ. ಆ ಮೇಲೆ ಹಾಕಿದ ಸಹಿಗೆ ಅರ್ಥ ಬರುತ್ತದೆ.