ಎಣ್ಣೆ ಸೋಸುವ ಹಳೆಯ ಫಿಲ್ಟರ್ ಪ್ರೆಸ್ಸಿನ ಆರೈಕೆ

ಶೇಂಗಾ ಎಣ್ಣೆ ತೆಗೆಯುವ ಮಿಲ್ಲುಗಳಲ್ಲಿ ಎರಕದ ಕಬ್ಬಿಣದ ಹಳೆಯ ಫಿಲ್ಟರ್ ಪ್ರೆಸ್ಸುಗಳು ಇಂದಿಗೂ ಬಳಕೆಯಲ್ಲಿವೆ. ಪ್ಲೇಟು, ಫ್ರೇಮುಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ, ಪ್ಲೇಟಿಗೆ ಬಟ್ಟೆ ಹೊದಿಸಿ, ಸ್ಕ್ರೂನಿಂದ ಬಿಗಿಯಲಾಗುತ್ತದೆ. ಪಂಪು ನೂಕಿದ ಎಣ್ಣೆ ಬಟ್ಟೆಯ ಮೂಲಕ ಹೊರಬರುತ್ತದೆ. ಗಸಿ ಫ್ರೇಮಿನಲ್ಲಿ ಉಳಿಯುತ್ತದೆ.

ಸೋರಿಕೆ: ಅಂಚಿನಲ್ಲಿ ಎಣ್ಣೆ ಸೋರಿದೊಡನೆ ಸ್ಕ್ರೂವನ್ನು ಇನ್ನಷ್ಟು ಬಿಗಿಯಬಾರದು. ಪ್ಲೇಟು ಬಿರುಕು ಬಿಡಬಹುದು. ಪಂಪು ನಿಲ್ಲಿಸಿ, ಒತ್ತಡ ಪೂರ್ತಿ ಇಳಿದ ಮೇಲೆಯೇ ಬಿಚ್ಚಿ ನೋಡಿರಿ. ಬಟ್ಟೆಯ ಮಡಿಕೆ ಅಥವಾ ಅಂಚಿಗೆ ಅಂಟಿದ ಗಸಿ ಸಾಮಾನ್ಯ ಕಾರಣ. ಗಸಿಯನ್ನು ಮರದ ಪಟ್ಟಿಯಿಂದ ಕೆರೆದು ತೆಗೆಯಿರಿ. ಕಬ್ಬಿಣದ ಉಳಿ ಬೇಡ.

ಮಸಕು ಎಣ್ಣೆ: ಮೊದಲು ಬರುವ ಎಣ್ಣೆ ಮಸಕಾಗಿರುವುದು ಸಹಜ. ಬಟ್ಟೆಯ ಮೇಲೆ ಗಸಿಯ ಪದರ ಕೂತ ಮೇಲೆ ತಿಳಿಯಾಗುತ್ತದೆ. ಅದುವರೆಗಿನ ಎಣ್ಣೆಯನ್ನು ತೊಟ್ಟಿಗೆ ಮರಳಿ ಹಾಕಿರಿ. ಅನಂತರವೂ ಒಂದೇ ನಲ್ಲಿಯಲ್ಲಿ ಮಸಕು ಬಂದರೆ ಆ ಪ್ಲೇಟಿನ ಬಟ್ಟೆ ಹರಿದಿರಬಹುದು.

ಹರಿವು ಕಡಿಮೆ: ಒತ್ತಡ ಏರಿ ಹರಿವು ಇಳಿದರೆ ಫ್ರೇಮು ತುಂಬಿದೆ, ಇಲ್ಲವೇ ಬಟ್ಟೆಯ ರಂಧ್ರ ಮುಚ್ಚಿದೆ. ಹತ್ತಿ ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಒಗೆದು, ಸೋಡಾ ಉಳಿಯದಂತೆ ಜಾಲಿಸಿ, ಪೂರ್ತಿ ಒಣಗಿಸಿರಿ. ತೇವ ಉಳಿದರೆ ಎಣ್ಣೆ ಬೇಗ ಕೆಡುತ್ತದೆ.

ಹಂಗಾಮು ಮುಗಿದಾಗ ಪ್ಲೇಟುಗಳನ್ನು ಒರೆಸಿಡಿ, ಸ್ಕ್ರೂವಿಗೆ ಗ್ರೀಸು ಹಚ್ಚಿರಿ. ಬಟ್ಟೆ ಹೋದರೆ ಅಲ್ಪ ಖರ್ಚು. ಪ್ಲೇಟು ಒಡೆದರೆ ಮಿಲ್ಲೇ ನಿಲ್ಲುತ್ತದೆ.